ಕಾರ್ಡ್ ಬ್ಲಾಕ್ ಮಾಡಿದರೆ ಅರ್ಧ ಕೆಲಸ ಮಾತ್ರ

ಕ್ರೆಡಿಟ್ ಕಾರ್ಡ್ ಪರ್ಸಿನಲ್ಲೇ ಇದೆ. ಓಟಿಪಿ ಬಂದಿಲ್ಲ, ಯಾರಿಗೂ ಏನೂ ಹೇಳಿಲ್ಲ. ಆದರೂ ಯಾವುದೋ ವಿದೇಶಿ ವೆಬ್‌ಸೈಟಿನಲ್ಲಿ ಡಾಲರ್ ಲೆಕ್ಕದಲ್ಲಿ ಖರೀದಿ ಆಗಿದೆ ಎಂದು ಮೆಸೇಜ್ ಬರುತ್ತದೆ. ಓಟಿಪಿ ಇಲ್ಲದೆ ಇದು ಹೇಗಾಯಿತು ಎಂದು ಎಲ್ಲರೂ ಗಾಬರಿಯಾಗುತ್ತಾರೆ. ನಮ್ಮ ದೇಶದೊಳಗಿನ ಆನ್‌ಲೈನ್ ಖರೀದಿಗೆ ಎರಡನೇ ಹಂತದ ದೃಢೀಕರಣ 2009ರಿಂದಲೇ ಕಡ್ಡಾಯ. ಹೊರದೇಶದ ಎಷ್ಟೋ ಅಂಗಡಿಗಳಿಗೆ ಆ ಕಟ್ಟುಪಾಡಿಲ್ಲ. ಕಾರ್ಡಿನ ನಂಬರ್, ಅವಧಿ ಮುಗಿಯುವ ತಿಂಗಳು, ಹಿಂಬದಿಯ ಸಿವಿವಿ ಸಿಕ್ಕರೆ ಅಲ್ಲಿ ಖರೀದಿ ಮುಗಿದೇ ಹೋಗುತ್ತದೆ.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಕಾರ್ಡ್ ಬ್ಲಾಕ್ ಮಾಡಿಸುತ್ತಾರೆ. ಅಲ್ಲಿಗೆ ಕೆಲಸ ಮುಗಿಯಿತು ಎಂದು ಸುಮ್ಮನಾಗುತ್ತಾರೆ. ಹಣ ಕೈಬಿಟ್ಟು ಹೋಗುವುದು ಇಲ್ಲೇ. ಬ್ಲಾಕ್ ಮಾಡಿದರೆ ಮುಂದಿನ ಕಳ್ಳತನ ನಿಲ್ಲುತ್ತದೆ, ಅಷ್ಟೇ. ಆಗಿಹೋದ ಖರೀದಿ ನನ್ನದಲ್ಲ ಎಂದು ಹೇಳುವುದಕ್ಕೆ ಬೇರೆಯೇ ಒಂದು ದೂರು ದಾಖಲಾಗಬೇಕು. ಬ್ಯಾಂಕಿನವರು ಅದನ್ನು ಡಿಸ್ಪ್ಯೂಟ್ ಎನ್ನುತ್ತಾರೆ.

ಮೊದಲು ಬ್ಲಾಕ್

ಇದಕ್ಕೆ ಬ್ಯಾಂಕಿನ ಆ್ಯಪ್ ಎಲ್ಲಕ್ಕಿಂತ ಬೇಗ. ಆ್ಯಪ್ ಇಲ್ಲದಿದ್ದರೆ ಕಾರ್ಡಿನ ಹಿಂದೆ ಅಚ್ಚಾಗಿರುವ ನಂಬರಿಗೇ ಫೋನ್ ಮಾಡಿ. ದಯವಿಟ್ಟು ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಬೇಡಿ. ಅಲ್ಲಿ ಬ್ಯಾಂಕಿನ ಹೆಸರಲ್ಲಿ ನಕಲಿ ನಂಬರ್ ಹಾಕಿ ಕಾಯುವವರಿದ್ದಾರೆ. ಗಾಬರಿಯಲ್ಲಿ ಫೋನ್ ಮಾಡಿದವರಿಂದ ಇದ್ದಬದ್ದದ್ದನ್ನೂ ಕೀಳುತ್ತಾರೆ. 'ಟ್ರಾನ್ಸಾಕ್ಷನ್ ಕ್ಯಾನ್ಸಲ್ ಮಾಡ್ತೀವಿ, ಓಟಿಪಿ ಹೇಳಿ' ಎಂದು ಕೇಳಿದರೆ ಕಳ್ಳನೇ ಎಂದು ತಿಳಿಯಿರಿ. ಹಣ ವಾಪಸ್ ಕೊಡುವುದಕ್ಕೆ ಓಟಿಪಿ ಬೇಕಾಗುವುದಿಲ್ಲ.

ಒಂದು ರೂಪಾಯಿಯೋ ಒಂದು ಡಾಲರೋ ಹೋಗಿದ್ದರೆ ಪುಟ್ಟ ಮೊತ್ತ, ಬಿಡು ಎನ್ನಬೇಡಿ. ಕದ್ದ ನಂಬರ್ ಕೆಲಸ ಮಾಡುತ್ತದೆಯೇ ಎಂದು ಕಳ್ಳರು ಹೀಗೇ ಪರೀಕ್ಷೆ ಮಾಡುತ್ತಾರೆ. ದೊಡ್ಡದು ಅದರ ಹಿಂದೆಯೇ ಬರುತ್ತದೆ.

ಆಮೇಲೆ ಡಿಸ್ಪ್ಯೂಟ್

ಅದೇ ಫೋನಿನಲ್ಲಿ, ಕಾರ್ಡ್ ಬ್ಲಾಕ್ ಆದ ಮೇಲೆ, ಬಿಡಿಸಿ ಕೇಳಿ: 'ಈ ವ್ಯವಹಾರ ನಾನು ಮಾಡಿದ್ದಲ್ಲ. ಡಿಸ್ಪ್ಯೂಟ್ ದಾಖಲು ಮಾಡಿ, ದೂರಿನ ನಂಬರ್ ಕೊಡಿ.' ಬ್ಲಾಕ್ ಮಾಡಿದ್ದಕ್ಕೆ ಒಂದು ನಂಬರ್ ಸಿಗುತ್ತದೆ. ದೂರಿನ ನಂಬರ್ ಬೇರೆ. ಎರಡನ್ನೂ ಬರೆದುಕೊಳ್ಳಿ. ಯಾವ ದಿನ, ಎಷ್ಟು ಗಂಟೆಗೆ ಫೋನ್ ಮಾಡಿದಿರಿ ಎಂಬುದನ್ನೂ ಬರೆದಿಡಿ.

'ಇದಿನ್ನೂ ಪೆಂಡಿಂಗ್ ಇದೆ, ಬಿಲ್‌ಗೆ ಬಂದ ಮೇಲೆ ಫೋನ್ ಮಾಡಿ' ಎಂಬ ಉತ್ತರವೂ ಸಿಗಬಹುದು. ಒಪ್ಪಿಕೊಂಡು ಫೋನ್ ಇಡಬೇಡಿ. ಅದೇ ದಿನ ಬ್ಯಾಂಕಿಗೆ ಇಮೇಲ್ ಕಳಿಸಿ. ಕಾರ್ಡಿನ ಕೊನೆಯ ನಾಲ್ಕು ಅಂಕಿ, ಮೊತ್ತ, ಅಂಗಡಿಯ ಹೆಸರು, ಮೆಸೇಜ್ ಬಂದ ದಿನ ಮತ್ತು ಹೊತ್ತು ಅದರಲ್ಲಿರಲಿ. ಓಟಿಪಿ ಬಂದಿಲ್ಲ, ಯಾರಿಗೂ ಕೊಟ್ಟಿಲ್ಲ, ಕಾರ್ಡ್ ನನ್ನ ಬಳಿಯೇ ಇದೆ ಎಂಬ ಮೂರು ಮಾತು ನಿಮ್ಮ ವಿಷಯದಲ್ಲಿ ನಿಜವಾಗಿದ್ದರೆ ಹಾಗೆಯೇ ಬರೆಯಿರಿ. ಪೂರ್ತಿ ಕಾರ್ಡ್ ನಂಬರ್ ಮಾತ್ರ ಇಮೇಲ್‌ನಲ್ಲಿ ಬೇಡ. ಮೆಸೇಜಿನ ಸ್ಕ್ರೀನ್‌ಶಾಟ್ ಸೇರಿಸಿ. ಈ ಕಾಗದದ ಕೆಲಸ ಬೇಸರ ತರಿಸುತ್ತದೆ ನಿಜ. ಆದರೆ ತಿಂಗಳಾದ ಮೇಲೆ ಬ್ಯಾಂಕಿನ ಮುಂದೆ ನಿಮ್ಮ ಪರವಾಗಿ ಮಾತಾಡುವುದು ಇದೊಂದೇ.

ದಿನದ ಲೆಕ್ಕ

ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಒಂದು ಸುತ್ತೋಲೆ ಹೊರಡಿಸಿತು. ಕಾರ್ಡ್ ಇರುವ ಪ್ರತಿಯೊಬ್ಬರೂ ತಿಳಿದಿರಬೇಕಾದ ವಿಷಯ ಅದರಲ್ಲಿದೆ. ತಪ್ಪು ಬ್ಯಾಂಕಿನದೂ ಅಲ್ಲ, ನಿಮ್ಮದೂ ಅಲ್ಲ, ಬೇರೆಲ್ಲೋ ಮಾಹಿತಿ ಸೋರಿದೆ ಎಂದುಕೊಳ್ಳಿ. ಆಗ ಬ್ಯಾಂಕಿನ ಮೆಸೇಜ್ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಿಮ್ಮ ಹೊಣೆ ಸೊನ್ನೆ. ನಾಲ್ಕರಿಂದ ಏಳು ದಿನದೊಳಗೆ ತಿಳಿಸಿದರೆ, 5 ಲಕ್ಷ ರೂಪಾಯಿವರೆಗಿನ ಮಿತಿಯ ಕಾರ್ಡಿಗೆ ಒಂದು ವ್ಯವಹಾರಕ್ಕೆ ಹೆಚ್ಚೆಂದರೆ 10,000 ರೂಪಾಯಿ ನಿಮ್ಮ ತಲೆಗೆ. ಅದಕ್ಕಿಂತ ದೊಡ್ಡ ಮಿತಿಯಾದರೆ 25,000. ಏಳು ದಿನ ದಾಟಿದರೆ ಆಯಾ ಬ್ಯಾಂಕಿನ ನಿಯಮದಂತೆ. ಮೆಸೇಜ್ ಬಂದ ದಿನ, ಬ್ಯಾಂಕಿನ ರಜಾ ದಿನ ಈ ಲೆಕ್ಕಕ್ಕೆ ಸೇರುವುದಿಲ್ಲ. ಹಾಗಂತ ಕಾಯಬೇಡಿ. ಕಾರ್ಡ್ ಬ್ಲಾಕ್ ಮಾಡುವ ಫೋನಿಗೆ ಭಾನುವಾರವೂ ರಜೆ ಇಲ್ಲ.

ಓಟಿಪಿಯನ್ನೋ ಪಿನ್ನನ್ನೋ ನೀವೇ ಹೇಳಿಬಿಟ್ಟಿದ್ದರೆ ನಿಯಮ ಬಿಗಿ. ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಪೂರ್ತಿ ನಿಮ್ಮದು. ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಹಾಗಾಗಿ ನಾಚಿಕೆಪಟ್ಟು ಮುಚ್ಚಿಟ್ಟರೆ ನಷ್ಟ ಜಾಸ್ತಿಯೇ ಆಗುತ್ತದೆ.

ದೂರು ಕೊಟ್ಟ 10 ಕೆಲಸದ ದಿನದೊಳಗೆ ಆ ಮೊತ್ತವನ್ನು ಬ್ಯಾಂಕು ತಾತ್ಕಾಲಿಕವಾಗಿ ನಿಮ್ಮ ಖಾತೆಗೆ ಜಮಾ ಮಾಡಬೇಕು. 90 ದಿನದೊಳಗೆ ದೂರು ಇತ್ಯರ್ಥ ಆಗಬೇಕು. ತಪ್ಪು ಗ್ರಾಹಕನದು ಎಂದು ಸಾಬೀತು ಮಾಡುವ ಹೊಣೆ ಬ್ಯಾಂಕಿನದೇ ಎಂದೂ ಆ ಸುತ್ತೋಲೆ ಹೇಳುತ್ತದೆ. ಕಸ್ಟಮರ್ ಕೇರ್‌ನಲ್ಲಿ ಯಾರಾದರೂ ನಿಮ್ಮದೇ ತಪ್ಪು ಎಂದು ತಳ್ಳಿಹಾಕಲು ನೋಡಿದರೆ, ಈ ಸಾಲನ್ನೇ ಇಮೇಲ್‌ನಲ್ಲಿ ಬರೆದು ಲಿಖಿತ ಉತ್ತರ ಕೇಳಿ.

1930ಕ್ಕೆ ಫೋನ್

ಇದು ಕೇಂದ್ರ ಗೃಹ ಸಚಿವಾಲಯದ ಸೈಬರ್ ವಂಚನೆ ಸಹಾಯವಾಣಿ. ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ತಾಣದಲ್ಲೂ ದೂರು ಕೊಡಬಹುದು. ಬ್ಯಾಂಕ್ ಎಫ್‌ಐಆರ್ ಕೇಳಿದರೆ ಹತ್ತಿರದ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗೋ ನಿಮ್ಮ ಪೊಲೀಸ್ ಠಾಣೆಗೋ ಹೋಗಿ, 1930ರಲ್ಲೋ ತಾಣದಲ್ಲೋ ಸಿಕ್ಕ ದೂರಿನ ನಂಬರ್ ತೋರಿಸಿ.

ಬಿಲ್ ಬಂದಾಗ

ತುಂಬಾ ಜನ ಎಡವುವುದು ಇಲ್ಲಿ. ಕೋಪದಲ್ಲಿ ಇಡೀ ಬಿಲ್ ಕಟ್ಟುವುದನ್ನೇ ನಿಲ್ಲಿಸುತ್ತಾರೆ. ಆಗ ನೀವೇ ಕೊಂಡ ಅಕ್ಕಿಬೇಳೆಯ ಹಣಕ್ಕೂ ಬಡ್ಡಿ ಬೀಳುತ್ತದೆ, ಸಿಬಿಲ್ ಸ್ಕೋರೂ ಕೆಡಬಹುದು. ನಿಮ್ಮ ನಿಜವಾದ ಖರ್ಚನ್ನು ಗಡುವಿನೊಳಗೆ ಪೂರ್ತಿ ಕಟ್ಟಿ. ಡಿಸ್ಪ್ಯೂಟ್ ಹಾಕಿದ ಮೊತ್ತವನ್ನು ತಡೆಹಿಡಿಯಿರಿ ಎಂದು ಗಡುವಿಗೆ ಮೊದಲೇ ಲಿಖಿತವಾಗಿ ಕೇಳಿ. ವಂಚನೆ ಎಂದು ಗ್ರಾಹಕ ದೂರಿದ ಮೊತ್ತದ ಮೇಲೆ, ದೂರು ಇತ್ಯರ್ಥವಾಗುವವರೆಗೆ ಯಾವ ಶುಲ್ಕವನ್ನೂ ಹಾಕಬಾರದು ಎಂದು ರಿಸರ್ವ್ ಬ್ಯಾಂಕಿನ ಕ್ರೆಡಿಟ್ ಕಾರ್ಡ್ ನಿರ್ದೇಶನದಲ್ಲಿದೆ. ಆದರೂ ಬಡ್ಡಿಯೋ ಲೇಟ್ ಫೀಯೋ ಬಂದಿದ್ದರೆ ಆ ನಿರ್ದೇಶನವನ್ನು ಉಲ್ಲೇಖಿಸಿ ತೆಗೆಸಿ.

ಬ್ಯಾಂಕ್ ಕೇಳದಿದ್ದರೆ

ಬ್ಯಾಂಕಿನಿಂದ 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಇಲ್ಲದಿದ್ದರೆ, ಬ್ಯಾಂಕುಗಳ ಮೇಲಿನ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಿ. ಶುಲ್ಕ ಇಲ್ಲ, ವಕೀಲರು ಬೇಡ. ಆನ್‌ಲೈನ್‌ನಲ್ಲೇ ಆಗುತ್ತದೆ. ಮಾಹಿತಿಗೆ 14448ಕ್ಕೆ ಫೋನ್ ಮಾಡಬಹುದು. ಆ ದಿನ ಕಳಿಸಿದ ಇಮೇಲ್, ಬರೆದಿಟ್ಟ ದೂರಿನ ನಂಬರ್ ಬೇಕಾಗುವುದು ಇಲ್ಲಿಯೇ.

ಹೊಸ ಕಾರ್ಡ್ ಬಂದಾಗ

ನಂಬರ್ ಬದಲಾಗಿರುತ್ತದೆ. ಕರೆಂಟ್ ಬಿಲ್, ಮೊಬೈಲ್, ವಿಮೆ ಕಂತು ಹಳೆಯ ಕಾರ್ಡಿನಿಂದ ತಾನಾಗಿ ಹೋಗುತ್ತಿದ್ದರೆ ಅವನ್ನೆಲ್ಲ ಮತ್ತೆ ಜೋಡಿಸಬೇಕು. ವಿಮೆಯನ್ನು ಮೊದಲು ನೋಡಿ. ಕಂತು ತಪ್ಪಿ ಪಾಲಿಸಿ ನಿಂತರೆ ಅದು ಈ ಕಳ್ಳತನಕ್ಕಿಂತ ದೊಡ್ಡ ನಷ್ಟ.

ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಬಳಕೆ ಎಂಬ ಸ್ವಿಚ್ ಇರುತ್ತದೆ. 2020ರ ಅಕ್ಟೋಬರ್‌ನಿಂದ ಎಲ್ಲ ಬ್ಯಾಂಕುಗಳೂ ಈ ಸೌಲಭ್ಯ ಕೊಡಲೇಬೇಕು. ವಿದೇಶಕ್ಕೆ ಹೋಗುವ, ಅಲ್ಲಿಂದ ಏನನ್ನಾದರೂ ತರಿಸುವ ದಿನ ಬಿಟ್ಟು ಉಳಿದಂತೆ ಅದನ್ನು ಆಫ್ ಮಾಡಿಡಿ. ಅಪ್ಪ ಅಮ್ಮನ ಕಾರ್ಡಿನಲ್ಲೂ ಅದು ಆಫ್ ಇದೆಯೇ ಎಂದು ಈ ವಾರವೇ ನೋಡಿ.