ಹೊಸಬರಿಗೆ ಮಾರ್ಗದರ್ಶಿ: ಪಿಲಿಕುಳದಲ್ಲಿ ಒಂದು ಬೆಳಗ್ಗೆ

ಮಂಗಳೂರಿಗೆ ಹೊಸದಾಗಿ ಬಂದವರಿಗೆ ಎಲ್ಲರೂ ಮೊದಲು ಹೇಳುವುದು ಬೀಚ್. ಅದು ಎಲ್ಲಿಗೂ ಹೋಗುವುದಿಲ್ಲ ಬಿಡಿ. ಮಕ್ಕಳಿಗೆ ಮರಗಿಡ ತೋರಿಸಬೇಕು, ಆದರೆ ಘಟ್ಟದವರೆಗೆ ಹೋಗಲು ಪುರುಸೊತ್ತಿಲ್ಲ ಎನ್ನುವವರು ಪಿಲಿಕುಳ ನಿಸರ್ಗಧಾಮಕ್ಕೆ ಹೋಗಿ. ಪೇಟೆಯಿಂದ ಹತ್ತು–ಹನ್ನೆರಡು ಕಿಲೋಮೀಟರ್ ಅಷ್ಟೇ. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಮೂಡುಬಿದಿರೆ ಕಡೆಯ ಬಸ್ ಹತ್ತಿ ವಾಮಂಜೂರಿನಲ್ಲಿ ಇಳಿದು ರಿಕ್ಷಾ ಹಿಡಿಯಿರಿ. ಸೋಮವಾರ ಮಾತ್ರ ಹೊರಡಬೇಡಿ, ಅಂದು ರಜೆ.

ಒಟ್ಟು ಜಾಗ ಸುಮಾರು 370 ಎಕರೆ. ಮೃಗಾಲಯ, ತಾರಾಲಯ, ಗುತ್ತಿನ ಮನೆ (ತುಳುನಾಡಿನ ಹಳೇ ಜಮೀನ್ದಾರಿ ಮನೆ), ಕೆರೆ ಎಲ್ಲವನ್ನೂ ಒಂದೇ ದಿನ ಮುಗಿಸಲು ಹೊರಟರೆ ಮಧ್ಯಾಹ್ನದ ಹೊತ್ತಿಗೆ ಮಕ್ಕಳು ಹಠ ಹಿಡಿಯುತ್ತಾರೆ, ದೊಡ್ಡವರಿಗೆ ಸಿಟ್ಟು ಬರುತ್ತದೆ. ನಮ್ಮನ್ನು ಕೇಳಿದರೆ, ಮೊದಲ ಸಲ ಪಶ್ಚಿಮ ಘಟ್ಟದ ಮರಗಳನ್ನು ನೆಟ್ಟು ಬೆಳೆಸಿದ ಅರ್ಬೊರೇಟಂನಲ್ಲಿ ಸುಮ್ನೆ ನಡೆಯಿರಿ. ಹುಲಿ ನೋಡಲು ಜನ ಸಾಲುಗಟ್ಟುತ್ತಾರೆ, ಮರ ನೋಡಲು ಬರುವವರು ಕಡಿಮೆ. ನಮಗೆ ಅದೇ ಒಳ್ಳೆಯದು ಅಲ್ವಾ?

ಕೊಂಬೆಯಲ್ಲಿ ಹಸಿರೆಲೆಗಳನ್ನೇ ಸೇರಿಸಿ ಕಟ್ಟಿದ ಉಂಡೆಯಾಕಾರದ ಗೂಡು ಕಂಡರೆ ನಿಂತು ನೋಡಿ. ಅದು ಕೆಂಪಿರುವೆಯದ್ದು. ಒಂದಷ್ಟು ಇರುವೆಗಳು ಎಲೆಯ ಅಂಚುಗಳನ್ನು ಎಳೆದು ಹಿಡಿಯುತ್ತವೆ. ಉಳಿದವು ತಮ್ಮ ಮರಿಹುಳುಗಳನ್ನು ಬಾಯಲ್ಲಿ ಕಚ್ಚಿಕೊಂಡು ಆಚೀಚೆ ಓಡಾಡಿಸಿ, ಅವು ಬಿಡುವ ನೂಲಿನಿಂದ ಎಲೆಗೆ ಎಲೆ ಅಂಟಿಸುತ್ತವೆ. ಕೊಂಬೆ ಮಾತ್ರ ಅಲ್ಲಾಡಿಸಬೇಡಿ. ಅಂಗಿಯೊಳಗೆ ನುಗ್ಗಿದರೆ ಆಮೇಲೆ ಕುಣಿತವೇ.

ಕರಾವಳಿಯ ಕಾಡುಗಳಲ್ಲಿ ಚೇರೆ ಮರದ ಬಗ್ಗೆಯೂ ಎಚ್ಚರ ಇರಲಿ. ಗೇರು, ಮಾವಿನ ಕುಟುಂಬದ್ದೇ. ಅದರ ಸೊನೆ ತಾಗಿದರೆ ಚರ್ಮದ ಮೇಲೆ ಗುಳ್ಳೆ ಏಳುತ್ತದೆ, ತುರಿಕೆ ಬೇರೆ. ಕಾಂಡದ ಮೇಲೆ ಸೊನೆ ಕಪ್ಪಗೆ ಒಣಗಿದ್ದರೆ ಅದಕ್ಕೆ ಒರಗಬೇಡಿ. ತಾಗಿದರೆ ಕೂಡಲೇ ಸಾಬೂನು ಹಾಕಿ ತೊಳೆಯಿರಿ. ಗುಳ್ಳೆ ಜಾಸ್ತಿಯಾದರೆ ಡಾಕ್ಟರಿಗೆ ತೋರಿಸಿ.

ಬಯಲುಸೀಮೆಯಿಂದ ಬಂದವರಿಗೆ ಇಲ್ಲಿನ ಸೆಕೆ ಹೊಸತು. ನೆರಳಲ್ಲಿ ನಿಂತರೂ ಬೆವರು ಇಳಿಯುತ್ತದೆ. ಡಿಸೆಂಬರ್–ಜನವರಿ ಹಿತ. ಏಪ್ರಿಲ್–ಮೇ ತಿಂಗಳಲ್ಲಾದರೆ ಬೆಳಗ್ಗೆ ಗೇಟು ತೆರೆಯುವಾಗಲೇ ಹೋಗಿ, ನೀರಿನ ಜೊತೆ ಮಜ್ಜಿಗೆಯೂ ಇರಲಿ. ಮಳೆಗಾಲದಲ್ಲಿ ಮರಗಳು ತುಂಬ ಚಂದ ಕಾಣುತ್ತವೆ. ಆದರೆ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಮೇಲೆ ಪಾಚಿ ಕಟ್ಟಿರುತ್ತದೆ, ಹವಾಯಿ ಚಪ್ಪಲಿ ಬೇಡವೇ ಬೇಡ. ಸೊಳ್ಳೆ ಕಚ್ಚದಂತೆ ತುಂಬು ತೋಳಿನ ಅಂಗಿ ಹಾಕಿಕೊಳ್ಳಿ.

ಟಿಕೆಟ್ ದರ ಆಗಾಗ ಬದಲಾಗುತ್ತದೆ. ಯಾವ ಟಿಕೆಟ್‌ನಲ್ಲಿ ಏನೇನು ಸೇರಿದೆ ಎಂದು ಕೌಂಟರಿನಲ್ಲೇ ಕೇಳಿಕೊಳ್ಳಿ.