ಬಸವನಗುಡಿಯ ಹಳೆಯ ಬಂಗಲೆಗೆ ಹೊಸ ಭಾಗ ಕಟ್ಟಿದ ಬಗೆ

ಹಳೆಯ ಬಂಗಲೆಗೆ ಹೊಸ ಭಾಗ ಸೇರಿಸುವಾಗ ನಾನು ಬಿಟ್ಟುಕೊಡದ ನಿಯಮ ಒಂದಿದೆ. ಹೊಸದು ತನ್ನ ಕಾಲ ಮೇಲೆ ತಾನು ನಿಲ್ಲಬೇಕು, ಹಳೆಯ ಗೋಡೆಯ ಮೇಲೆ ಅದರ ಭಾರ ಒಂದಿಷ್ಟೂ ಬೀಳಬಾರದು. ಬಸವನಗುಡಿಯಲ್ಲಿ 1930ರ ದಶಕದ ಮನೆಯೊಂದರ ಹಿಂಬದಿಗೆ ಅಡುಗೆಮನೆ, ಊಟದ ಕೋಣೆ ಮತ್ತು ಮನೆಯ ಹಿರಿಯರಿಗೊಂದು ಮಲಗುವ ಕೋಣೆ ಕಟ್ಟಿದಾಗ ನಕ್ಷೆಯ ಪ್ರತಿಯೊಂದು ತೀರ್ಮಾನವೂ ಈ ನಿಯಮದಿಂದಲೇ ಹುಟ್ಟಿತು.

ಮನೆಯ ಮುಂದೆ ವರಾಂಡ, ಕಿಟಕಿಗಳ ನೆತ್ತಿಗೆ ಮರದ ಪಟ್ಟಿಗಳ ಮಂಕಿ ಟಾಪ್, ನಡುಮನೆಗೆ ಮದ್ರಾಸ್ ತಾರಸಿ, ಹಿಂಬದಿಯ ಕೋಣೆಗಳಿಗೆ ಮಂಗಳೂರು ಹೆಂಚು. ಗೋಡೆಗಳು ಒಂದೂವರೆ ಅಡಿ ದಪ್ಪ, ಎಲ್ಲವೂ ಸುಣ್ಣದ ಗಾರೆಯಲ್ಲಿ ಕಟ್ಟಿದವು. ಮಗನ ಸಂಸಾರ ಊರಿಗೆ ಮರಳುವುದಿತ್ತು. "ಹಿತ್ತಿಲನ್ನು ಹಾಗೆಯೇ ಬಿಟ್ಟು ಮೇಲೊಂದು ಮಹಡಿ ಎಬ್ಬಿಸಿದರೆ ಆಗುವುದಿಲ್ಲವೇ?" ಎಂದು ಮನೆಯವರು ಕೇಳಿದರು. ಆಗುವುದಿಲ್ಲ. ಮದ್ರಾಸ್ ತಾರಸಿಯಲ್ಲಿ ತೇಗದ ಜಂತೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆಸಾಲಿನಲ್ಲಿ ಸುಣ್ಣದ ಗಾರೆ ಹಾಕಿ ಕೂರಿಸುತ್ತಾರೆ. ಅದರ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣವನ್ನು ಬಡಿದು ಗಟ್ಟಿ ಮಾಡುತ್ತಾರೆ. ಜನ ಓಡಾಡಲು, ಹಪ್ಪಳ ಒಣಗಿಸಲು ಅದು ಧಾರಾಳವಾಗಿ ಸಾಕು. ಅದರ ಮೇಲೆ ಗೋಡೆ ಕಟ್ಟುವಂತಿಲ್ಲ.

ಗೆರೆ ಎಳೆಯುವ ಮೊದಲು ಹಿಂಗೋಡೆಯ ಪಕ್ಕದಲ್ಲಿ ಒಂದು ಪರೀಕ್ಷಾ ಗುಂಡಿ ತೋಡಿಸಿದೆ. ಮೂರು ಅಡಿಗೇ ಪಾಯ ಮುಗಿದಿತ್ತು. ಸೈಜುಗಲ್ಲಿನ ಕಟ್ಟಡ, ಅದರ ಕೆಳಗೆ ನೇರವಾಗಿ ಕೆಮ್ಮಣ್ಣು, ಕಾಂಕ್ರೀಟಿನ ಹಾಸು ಇರಲಿಲ್ಲ. ಇಂಥ ಪಾಯದ ಪಕ್ಕದಲ್ಲಿ ಅದಕ್ಕಿಂತ ಆಳವಾಗಿ ಅಗೆದರೆ ಕೆಳಗಿನ ಮಣ್ಣು ಸಡಿಲಗೊಂಡು ಗೋಡೆ ಬಿರುಕು ಬಿಡುತ್ತದೆ. ಹೊಸ ಗುಂಡಿ ಹಳೆಯ ಪಾಯಕ್ಕಿಂತ ಎಷ್ಟು ಆಳಕ್ಕೆ ಇಳಿಯುತ್ತದೆಯೋ ಕನಿಷ್ಠ ಅಷ್ಟಾದರೂ ದೂರ ಇರಬೇಕು. ನಮ್ಮ ಕಂಬಗಳ ಪಾಯ ಐದು ಅಡಿ, ಅಂದರೆ ಹಳೆಯದಕ್ಕಿಂತ ಎರಡು ಅಡಿ ಹೆಚ್ಚು ಇಳಿಯಬೇಕಿತ್ತು. ಹಾಗಾಗಿ ಗುಂಡಿಯ ಅಗಲವನ್ನೂ ಲೆಕ್ಕಕ್ಕೆ ಹಿಡಿದು ಕಂಬಗಳನ್ನು ಹಳೆಯ ಗೋಡೆಯಿಂದ ಐದಡಿ ಆಚೆ ನಿಲ್ಲಿಸಿ, ಹಳೆಯ ಮನೆಯನ್ನೂ ಹೊಸ ಭಾಗವನ್ನೂ ಜೋಡಿಸುವ ಓಣಿಯ (ಕಾರಿಡಾರ್) ಸ್ಲ್ಯಾಬನ್ನು ಮಾತ್ರ ಅಲ್ಲಿಂದ ಗೋಡೆಯತ್ತ ಚಾಚಿದೆವು.

ಚಾಚಿದ ಸ್ಲ್ಯಾಬೂ ಹಳೆಯ ಗೋಡೆಯನ್ನು ಮುಟ್ಟುವುದಿಲ್ಲ. ನಡುವೆ 50 ಮಿಲಿಮೀಟರ್ ಸಂದು ಇದೆ. ಹೊಸ ಕಟ್ಟಡ ಮೊದಲ ವರ್ಷಗಳಲ್ಲಿ ಸ್ವಲ್ಪವಾದರೂ ಕುಳಿತುಕೊಳ್ಳುತ್ತದೆ. ಹಳೆಯದು ಕುಳಿತು ಮುಗಿದು ದಶಕಗಳೇ ಕಳೆದಿವೆ. ಎರಡನ್ನೂ ಕಬ್ಬಿಣ ಹಾಕಿ ಬಿಗಿದರೆ ಹರಿಯುವುದು ಸುಣ್ಣದ ಗೋಡೆಯೇ. ಮಳೆನೀರು ಒಳಗಿಳಿಯದಂತೆ ಸಂದಿಗೆ ಅಲ್ಯೂಮಿನಿಯಂ ತಗಡಿನ ಎರಡು ಮಡಿಕೆ ಕೊಟ್ಟೆವು. ಕೆಳಗಿನದನ್ನು ಹೊಸ ಸ್ಲ್ಯಾಬಿನ ಅಂಚಿನಲ್ಲಿ ಮೇಲಕ್ಕೆ ಮಡಚಿ ನಿಲ್ಲಿಸಿದ್ದೇವೆ. ಮೇಲಿನದನ್ನು ಹಳೆಯ ಇಟ್ಟಿಗೆಗಳ ನಡುವಿನ ಗಾರೆ ಕೆರೆದು ಒಂದು ಅಂಗುಲ ಒಳಗೆ ತೂರಿಸಿ, ಸುಣ್ಣದಿಂದಲೇ ಮುಚ್ಚಿ, ಕೆಳಗಿನದರ ಮೇಲೆ ಇಳಿಬಿಟ್ಟಿದ್ದೇವೆ. ಎರಡನ್ನೂ ಕೂಡಿಸುವ ಒಂದು ಮೊಳೆಯೂ ಇಲ್ಲ. ನಾಲ್ಕು ಮೊಳೆ ಹೊಡೆದರೆ ಭದ್ರವಾಗುತ್ತದೆ ಎಂದು ಮೇಸ್ತ್ರಿ ಹೇಳಿದರು. ತಗಡಿನ ಎರಡು ತುಂಡುಗಳನ್ನು ನಾನು ಕೈಯಲ್ಲಿ ಹಿಡಿದು, ಹೊಸ ಭಾಗ ಕುಳಿತಾಗ ಹೀಗೆ ಜಾರಬೇಕು ಎಂದು ಒಂದರ ಮೇಲೊಂದು ಜಾರಿಸಿ ತೋರಿಸಿದ ಮೇಲೆ, ಆ ಕೆಲಸವನ್ನು ಬೇರೆಯವರಿಗೆ ಬಿಡದೆ ತಾವೇ ಮುಗಿಸಿದರು.

ಹಿಂದೆ ಏನನ್ನು ಕಟ್ಟಿದರೂ ಹಳೆಯ ಕೋಣೆಗಳಿಗೆ ಕತ್ತಲೆ ಕವಿಯುತ್ತದೆ. ಇಂಥ ಬಹಳಷ್ಟು ವಿಸ್ತರಣೆಗಳು ಕೆಡುವುದು ಇಲ್ಲೇ. ನಾವು ಓಣಿಯನ್ನು ಒಂದು ಪಕ್ಕಕ್ಕೆ ಸರಿಸಿ, ಉಳಿದ ಜಾಗದಲ್ಲಿ ಎಂಟು ಅಡಿ ಅಗಲದ ತೆರೆದ ಅಂಗಳ ಬಿಟ್ಟೆವು. ಬೆಳಕಿಗಾಗಿ ಬಿಟ್ಟ ಅಂಗಳವೇ ನೀರಿನ ಸಮಸ್ಯೆಯನ್ನೂ ಬಗೆಹರಿಸಿತು. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್. ಹಿಂಬದಿಯ ಹೆಂಚಿನ ಇಳಿಜಾರು ಸುಮಾರು 40 ಚದರ ಮೀಟರ್. ಗಂಟೆಗೆ 50 ಮಿಲಿಮೀಟರ್ ಮಳೆ ಸುರಿದರೆ 2,000 ಲೀಟರ್ ನೀರು ಸೂರಿನಿಂದ ಇಳಿಯುತ್ತದೆ. ಗೋಡೆಗೆ ಗೋಡೆ ಹಚ್ಚಿ ಕಟ್ಟಿದ್ದರೆ ಅಷ್ಟೂ ನೀರು ಒಂದು ಕಿರಿದಾದ ದೋಣಿಯಲ್ಲಿ ಹರಿಯಬೇಕಿತ್ತು. ಒಂದು ಹಿಡಿ ಮಾವಿನೆಲೆ ಸಿಕ್ಕಿಕೊಂಡರೂ ಸಾಕು, ಅದು ಉಕ್ಕಿ ಒಳಗೆ ಬರುತ್ತದೆ. ಈಗ ನೀರು ಹಿಂದಿನಂತೆಯೇ ಸೂರಿನಿಂದ ಅಂಗಳಕ್ಕೆ ಬಿದ್ದು, ಜಲ್ಲಿ ತುಂಬಿದ ಕಾಲುವೆಯಲ್ಲಿ ಇಂಗುಗುಂಡಿಗೆ ಹೋಗುತ್ತದೆ. ಓಣಿಯ ಸ್ಲ್ಯಾಬಿನ ಮೇಲೆ ಬಿದ್ದದ್ದೂ ಅಲ್ಲಿಗೇ ಇಳಿಯುವಂತೆ ವಾಟ ಕೊಟ್ಟಿದ್ದೇವೆ.

ಹಳೆಯ ಗೋಡೆಯಲ್ಲಿ ಹೊಸ ಬಾಗಿಲು ಒಡೆಯಲಿಲ್ಲ. ಒಂದು ಕಿಟಕಿಯ ಕೆಳಭಾಗದ ಗೋಡೆಯನ್ನಷ್ಟೇ ಬಿಚ್ಚಿ ಅದನ್ನೇ ಬಾಗಿಲು ಮಾಡಿಕೊಂಡೆವು. ಮೇಲಿನ ಕಮಾನನ್ನು ಮುಟ್ಟಬೇಕಾಗಲೇ ಇಲ್ಲ. ಹಳೆಯ ನೆಲಮಟ್ಟವನ್ನೇ ಹೊಸದರಲ್ಲೂ ಉಳಿಸಿಕೊಂಡದ್ದರಿಂದ ಹಿರಿಯರು ಒಂದು ಮೆಟ್ಟಿಲನ್ನೂ ಏರಿಳಿಯಬೇಕಿಲ್ಲ. ಹಳೆಯ ಕಾವಿ ನೆಲದ ಹೊಳಪನ್ನು ಹೊಸದಾಗಿ ತರಲಾಗದು. ಆದ್ದರಿಂದ ಹೊಸ ಭಾಗಕ್ಕೆ ಬೂದು ಬಣ್ಣದ ಆಕ್ಸೈಡ್ ನೆಲ, ಎರಡರ ನಡುವೆ ಸಾದರಹಳ್ಳಿ ಕಲ್ಲಿನ ಒಂದು ಪಟ್ಟಿ.

ಹಿಂಗೋಡೆಯ ಕೆಳಭಾಗಕ್ಕೆ ಹಿಂದೆಂದೋ ಸಿಮೆಂಟ್ ಬಳಿದಿದ್ದರು. ಸುಣ್ಣದ ಗೋಡೆ ನೆಲದಿಂದ ಹೀರಿದ ತೇವವನ್ನು ಮೈಯಿಂದಲೇ ಹೊರಬಿಡುತ್ತದೆ. ಸಿಮೆಂಟ್ ಅದನ್ನು ತಡೆದಾಗ ತೇವ ಮೇಲಕ್ಕೇರಿ ಬಣ್ಣ ಉಬ್ಬಿ ಉದುರುತ್ತಿತ್ತು. ಸಿಮೆಂಟ್ ಕೆತ್ತಿಸಿ, ಬೇಸಿಗೆಯಿಡೀ ಗೋಡೆಯನ್ನು ಬರಿಮೈಯಲ್ಲಿ ಒಣಗಲು ಬಿಟ್ಟೆವು. ಆಮೇಲೆ ಚೆನ್ನಾಗಿ ಅರಳಿಸಿ ಹದಗೊಳಿಸಿದ ಸುಣ್ಣಕ್ಕೆ ಬೆಲ್ಲದ ನೀರು ಮತ್ತು ಅಳಲೆಕಾಯಿ ನೆನೆಸಿದ ನೀರು ಬೆರೆಸಿ ಗಾರೆ ಮಾಡಿಸಿದೆವು. ಈ ಕೆಲಸಕ್ಕೆ ಆತುರ ಕೂಡದು. ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಮನೆಯವರಿಗೆ ಇದನ್ನು ಹೇಳಿಬಿಡುವುದು ಒಳ್ಳೆಯದು.

ಹೊಸ ಭಾಗಕ್ಕೂ ಮಂಕಿ ಟಾಪ್ ಇಡಿ ಎಂದು ಮನೆಯ ಅಮ್ಮ ಕೇಳಿದರು. ಅವರ ಪ್ರೀತಿ ನನಗೆ ಅರ್ಥವಾಗುತ್ತದೆ, ಆದರೂ ನಾನು ಒಪ್ಪಲಿಲ್ಲ. ಹಳೆಯದರ ನಕಲು ಪಕ್ಕದಲ್ಲೇ ನಿಂತರೆ ಯಾವುದು ಯಾವ ಕಾಲದ್ದು ಎಂಬುದೇ ಅಳಿಸಿಹೋಗುತ್ತದೆ, ಅಸಲಿಗೇ ಬೆಲೆ ಕಡಿಮೆಯಾಗುತ್ತದೆ. ಸ್ಮಾರಕಗಳ ಸಂರಕ್ಷಣೆ ಕುರಿತ 1964ರ ವೆನಿಸ್ ಸನ್ನದು ಕೂಡ ಜೀರ್ಣೋದ್ಧಾರದಲ್ಲಿ ಅನಿವಾರ್ಯವಾಗಿ ಸೇರಿಸುವ ಹೊಸ ಕೆಲಸ ತನ್ನ ಕಾಲದ ಗುರುತನ್ನು ಹೊತ್ತಿರಬೇಕು ಎನ್ನುತ್ತದೆ. ಹೊಸ ಗೋಡೆಗಳನ್ನು ಗಿಲಾಯಿ ಇಲ್ಲದೆ, ಒತ್ತು ಮಣ್ಣಿನ ಇಟ್ಟಿಗೆಯಲ್ಲಿ ಕಟ್ಟಿದೆವು. ಶೇಕಡಾ 7ರಷ್ಟು ಸಿಮೆಂಟ್ ಬೆರೆಸಿದ, ಸುಡಬೇಕಿಲ್ಲದ ಇಟ್ಟಿಗೆ ಇದು. ಇದರ ಬಳಕೆಯನ್ನು ನಮ್ಮ ರಾಜ್ಯದಲ್ಲಿ ಬೆಳೆಸಿದ್ದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕಾಗಿ ಆರಂಭವಾದ ಅಸ್ತ್ರ ಕೇಂದ್ರ. ಹೊಸ ಚಾವಣಿ ಹಳೆಯ ಸೂರಿಗಿಂತ ಒಂದೂವರೆ ಅಡಿ ತಗ್ಗಿನಲ್ಲಿದೆ. ಹಿತ್ತಿಲಿನಿಂದ ನೋಡಿದರೂ ಹೆಂಚಿನ ಇಳಿಜಾರು ಪೂರ್ತಿಯಾಗಿ ಕಾಣುತ್ತದೆ. ಅಮ್ಮನವರು ಈಗ ಸಂಜೆ ಹೊತ್ತು ಕೂರುವುದು ಅಂಗಳದ ಕಟ್ಟೆಯ ಮೇಲೆ.

ಮನೆಯವರ ಕೈಗೆ ಕೊಟ್ಟ ನಕ್ಷೆಯಲ್ಲಿ ಆ 50 ಮಿಲಿಮೀಟರ್ ಸಂದಿಯನ್ನು ಕೆಂಪು ಶಾಯಿಯಲ್ಲಿ ಗುರುತು ಮಾಡಿದ್ದೇನೆ. ಮುಂದೆ ಬಣ್ಣ ಹೊಡೆಯಲು ಬಂದವರು ಅದನ್ನು ಬಿರುಕು ಎಂದು ತಿಳಿದು ಸಿಮೆಂಟ್ ತುಂಬುವ ಸಾಧ್ಯತೆ ಇದೆ. ಅದಕ್ಕಾಗಿಯೇ "ಇದನ್ನು ಮುಚ್ಚಬೇಡಿ" ಎಂದು ಪಕ್ಕದಲ್ಲಿ ಬರೆದೂ ಇಟ್ಟಿದ್ದೇನೆ.