ಕೆಲಸ ಹೋಗುವ ಸುಳಿವಿದ್ದಾಗಲೂ ರಿಡಂಡನ್ಸಿ ಇನ್ಶೂರೆನ್ಸ್: ಬ್ರಿಟನ್‌ನಲ್ಲಿ ನಾನು ಮಾಡಿಸಿದ ಬಗೆ

ರಿಡಂಡನ್ಸಿ ಎಂದರೆ ಕಂಪನಿಗೆ ಆ ಹುದ್ದೆಯೇ ಬೇಡವಾಗಿ ಕೆಲಸ ಹೋಗುವುದು; ಆಗ ತಿಂಗಳು ತಿಂಗಳು ದುಡ್ಡು ಕೊಡುವ ವಿಮೆ ಇದು. ಕಂಪನಿಯಲ್ಲಿ ಗುಸುಗುಸು ಶುರುವಾದ ಮೇಲೆ ಪಾಲಿಸಿ ಸಿಗೋದಿಲ್ಲ, ಸಿಕ್ಕರೂ ಕ್ಲೇಮ್ ಪಾಸಾಗೋದಿಲ್ಲ ಅಂತ ಬಲ್ಲವರೇ ಹೇಳಿದ್ದರು. ನನಗೆ ಪಾಲಿಸಿಯೂ ಸಿಕ್ಕಿತು, ತಿಂಗಳು ತಿಂಗಳು ದುಡ್ಡೂ ಬಂತು.

ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ವಿಭಾಗದ ಹೆಸರು ಹೊರಬಿದ್ದಿದ್ದರೆ ಅಥವಾ ನಿಮ್ಮ ಕೆಲಸ ಹೋಗಬಹುದೆಂದು ತಿಳಿಸುವ 'ಅಟ್ ರಿಸ್ಕ್' ಪತ್ರ ಕೈಗೆ ಬಂದಿದ್ದರೆ ಈ ದಾರಿ ಮುಚ್ಚಿದೆ. ಅದನ್ನು ಬಚ್ಚಿಟ್ಟು ಮಾಡಿಸಲು ಹೋಗಬೇಡಿ. ಬೇಕೆಂದೇ ಮುಚ್ಚಿಟ್ಟಿದ್ದು ಗೊತ್ತಾದರೆ, 2012ರ ಗ್ರಾಹಕ ವಿಮಾ ಕಾಯ್ದೆಯ ಪ್ರಕಾರ ಪಾಲಿಸಿ ರದ್ದು, ಕಟ್ಟಿದ ಪ್ರೀಮಿಯಮ್ಮೂ ಸಾಮಾನ್ಯವಾಗಿ ವಾಪಸ್ ಬರೋದಿಲ್ಲ.

ನನ್ನದು ಅದಕ್ಕೂ ಹಿಂದಿನ ಹಂತ. ಖರ್ಚು ಕಡಿಮೆ ಮಾಡುತ್ತೇವೆಂದು ಕಂಪನಿ ಬಹಿರಂಗವಾಗಿ ಹೇಳಿತ್ತು. ಎಷ್ಟು ಜನ, ಯಾವ ಊರು ಏನೂ ಹೇಳಿರಲಿಲ್ಲ. ಆನ್‌ಲೈನ್ ಫಾರ್ಮ್‌ನಲ್ಲಿ 'ಕೆಲಸ ಹೋಗುವ ಸಾಧ್ಯತೆ ನಿಮಗೆ ತಿಳಿದಿದೆಯೇ' ಎಂಬ ಪ್ರಶ್ನೆಗೆ 'ಹೌದು' ಒತ್ತಿದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. 'ಇಲ್ಲ' ಒತ್ತಿದರೆ ಕ್ಲೇಮ್ ಸಮಯದಲ್ಲಿ ಅದೇ ಉತ್ತರ ಮುಂದಿಟ್ಟು ಹಣ ತಡೆಯುತ್ತಾರೆ. ಆದ್ದರಿಂದ ಫಾರ್ಮ್ ಬಿಟ್ಟು, ಬ್ರೋಕರ್ ಮೂಲಕ ಇಮೇಲ್ ಹಿಡಿದೆ. ಕಂಪನಿಯ ಪ್ರಕಟಣೆ ಲಗತ್ತಿಸಿ ಕೇಳಿದ್ದು ಇಷ್ಟೇ: 'ಇದು ನನಗೆ ತಿಳಿದಿದೆ. ನನಗೆ ಯಾವ ಪತ್ರವೂ ಬಂದಿಲ್ಲ. ಇದನ್ನು ನೀವು ಮುನ್ಸೂಚನೆ ಎಂದು ಎಣಿಸುತ್ತೀರಾ?' ಒಂದೆರಡು ವಿಮಾ ಕಂಪನಿಯವರು ನಿರಾಕರಿಸಿದರು. ಒಬ್ಬರು 'ಇಲ್ಲ' ಎಂದು ಬರೆದುಕೊಟ್ಟರು. ಬ್ರೋಕರ್ ಫೋನಿನಲ್ಲಿ ಕೊಡುವ ಭರವಸೆಗೆ ಬೆಲೆಯಿಲ್ಲ. ಪಾಲಿಸಿ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವ ಅಂಡರ್‌ರೈಟರ್ ಬರವಣಿಗೆಯಲ್ಲಿ ಕೊಡಬೇಕು. ಅವರ ಮೇಜಿಗೆ ಪ್ರಶ್ನೆ ತಲುಪಿಸಿದ ದಾರಿಯನ್ನು ಮಾತ್ರ ಇಲ್ಲಿ ಬರೆಯೋದಿಲ್ಲ; ಎಲ್ಲರೂ ನುಗ್ಗಿದರೆ ಅದೂ ಮುಚ್ಚುತ್ತದೆ.

ಇನ್ನು ತಾರೀಖಿನ ಲೆಕ್ಕ. ಹೆಚ್ಚಿನವರು ಸೋಲುವುದು ಇಲ್ಲೇ. ಪಾಲಿಸಿ ಶುರುವಾದ ಮೇಲೆ 60, 90 ಅಥವಾ 120 ದಿನ ಕ್ಲೇಮ್ ನಡೆಯದ ಅವಧಿ ಇರುತ್ತದೆ. 100 ಅಥವಾ ಅದಕ್ಕಿಂತ ಹೆಚ್ಚು ಜನರನ್ನು ತೆಗೆಯುವಾಗ ಮೊದಲ ವಜಾಕ್ಕೆ ಕನಿಷ್ಠ 45 ದಿನ ಮುಂಚೆ ಕನ್ಸಲ್ಟೇಶನ್ (ನೌಕರರ ಕಡೆಯವರೊಂದಿಗೆ ಸಮಾಲೋಚನೆ) ಶುರುವಾಗಬೇಕು, 20ರಿಂದ 99ರವರೆಗಾದರೆ 30 ದಿನ. ಆ ದಿನಗಳು ನಮ್ಮ ಪರವಾಗಿ ಓಡುತ್ತವೆಂದು ನಂಬಬೇಡಿ. ಸಾಮಾನ್ಯವಾಗಿ ಎಣಿಕೆಗೆ ಬರುವುದು ಕೆಲಸ ಬಿಟ್ಟ ದಿನವಲ್ಲ, ನಿಮಗೆ ಮೊದಲು ತಿಳಿಸಿದ ದಿನ. ಅದಕ್ಕೇ 60 ದಿನದ್ದನ್ನೇ ಆರಿಸಿದೆ. ತಿಂಗಳಿಗೆ 1,500 ಪೌಂಡ್ ಪರಿಹಾರಕ್ಕೆ ಸುಮಾರು 50 ಪೌಂಡ್ ಪ್ರೀಮಿಯಂ ಇತ್ತೆಂದು ನೆನಪು; 120 ದಿನದ್ದು ಹತ್ತು ಪೌಂಡಿನಷ್ಟು ಅಗ್ಗ. ಆ ಉಳಿತಾಯಕ್ಕೆ ಆಸೆಪಟ್ಟಿದ್ದರೆ ಎಲ್ಲವೂ ನೀರುಪಾಲು.

ಮಧ್ಯೆ ಮನೆ ಸಾಲಕ್ಕೆ ಕಟ್ಟಿದ ಪಾಲಿಸಿಯ ದರವನ್ನೂ ಕೇಳಿ ನೋಡಿದೆ. ಅಗ್ಗವೇ, ಆದರೆ ಪರಿಹಾರ ಕಂತಿನ ಸುತ್ತಲೇ ಸುತ್ತುತ್ತದೆ. ಬಾಡಿಗೆ ಮನೆಯವರಿಗೆ ಉಪಯೋಗವಿಲ್ಲ. ಹಳೆಯ ಪಾಲಿಸಿ ಇದ್ದವರು ನಡುವೆ ಒಂದು ದಿನವೂ ಬಿಡದೆ ಬದಲಾಯಿಸಿದರೆ ಕೆಲವರು ಆ ಆರಂಭದ ಅವಧಿಯನ್ನು ಮನ್ನಾ ಮಾಡುತ್ತಾರೆ, ಕೇಳಿ.

ಕ್ಲೇಮ್ ಹಾಕುವಾಗ ಎಚ್‌ಆರ್ ಪತ್ರದ ಒಂದೊಂದು ಪದವನ್ನೂ ನೋಡಿ. 'ಪರಸ್ಪರ ಒಪ್ಪಿಗೆ' ಅಥವಾ 'ಸ್ವಯಂಪ್ರೇರಿತ' ಎಂದಿದ್ದರೆ ಕ್ಲೇಮ್ ಬಿದ್ದುಹೋಗುತ್ತದೆ. 'ಕಡ್ಡಾಯ ರಿಡಂಡನ್ಸಿ' ಎಂದೂ, ನಿಮಗೆ ಮೊದಲು ತಿಳಿಸಿದ ತಾರೀಖನ್ನೂ ಬರೆಸಿಕೊಂಡ ಮೇಲೇ ಸಹಿ ಹಾಕಿ. ನೋಟಿಸ್ ಬದಲು ಸಂಬಳ ಕೊಟ್ಟಿದ್ದರೆ ಸಾಮಾನ್ಯವಾಗಿ ಅಷ್ಟು ವಾರ ಕೆಲಸದಲ್ಲೇ ಇದ್ದಂತೆ ಲೆಕ್ಕ. ಹಣ ಬರುವ ಮೊದಲು ಕಾಯಬೇಕಾದ ದಿನಗಳು (ನನ್ನದರಲ್ಲಿ 30) ಶುರುವಾಗುವುದು ಅದಾದ ಮೇಲೆ. ಕೆಲಸ ಹುಡುಕಿದ ಪುರಾವೆಯನ್ನೂ ಪ್ರತಿ ತಿಂಗಳು ಕೇಳುತ್ತಾರೆ; ಹಾಕಿದ ಅರ್ಜಿ, ಬಂದ ಉತ್ತರ ಎಲ್ಲವನ್ನೂ ತಾರೀಖು ಸಮೇತ ಒಂದೇ ಫೋಲ್ಡರ್‌ನಲ್ಲಿಡಿ.